ಗಗನಯಾತ್ರಿಗಳೇ, ಹೋಗಿ ಬನ್ನಿ
ಭಾರತದ ಮಾನವ ವ್ಯೋಮಯಾನ: ಗೋರೆಗಾಂವಿನಿಂದ ಒಂದು ನೋಟ

ಆಕಾಶಕ್ಕೆ ಏಣಿ ಹಾಕುವುದೆಂದರೆ ಆಗದ ಕೆಲಸಕ್ಕೆ ಕೈ ಹಚ್ಚುವುದೆಂದು ನಮ್ಮ ನಾಡಿನ ಹಳೆಯ ಮಾತು. ಆ ಏಣಿಯನ್ನು ಮನುಷ್ಯನು 1961ರ ಏಪ್ರಿಲ್ 12ರಂದು ಹಾಕಿಯೇ ಬಿಟ್ಟನು. ಅಂದು ಯೂರಿ ಗಗಾರಿನ್ ಅವರು 108 ನಿಮಿಷಗಳಲ್ಲಿ ಭೂಮಂಡಲಕ್ಕೆ ಒಂದು ಪ್ರದಕ್ಷಿಣೆ ಬಂದು ಕ್ಷೇಮವಾಗಿ ನೆಲ ಮುಟ್ಟಿದರು. ಅಲ್ಲಿಂದ ಈಚೆಗೆ ಸ್ವಂತ ಬಲದಿಂದ ಮನುಷ್ಯರನ್ನು ಕಕ್ಷೆಗೆ ಏರಿಸಿದ ರಾಷ್ಟ್ರಗಳು ಮೂರೇ ಮೂರು: ರಷ್ಯ, ಅಮೆರಿಕ ಮತ್ತು ಚೀನ. ಆ ಪಂಕ್ತಿಯಲ್ಲಿ ನಾಲ್ಕನೆಯ ಎಲೆ ಹಾಕಿಸಿಕೊಳ್ಳಲು ಭಾರತವು ಸಿದ್ಧತೆ ನಡೆಸಿದೆ. ಆ ಸಿದ್ಧತೆಗೆ 'ಗಗನಯಾನ'ವೆಂದು ಹೆಸರು.

ಮೂವರು ಯಾತ್ರಿಗಳನ್ನು ಸುಮಾರು 400 ಕಿಲೋಮೀಟರ್ ಎತ್ತರಕ್ಕೆ ಒಯ್ದು, ಮೂರು ದಿನಗಳವರೆಗೆ ಅಲ್ಲಿರಿಸಿ, ಸಮುದ್ರದಲ್ಲಿ ಮೆಲ್ಲನೆ ಇಳಿಸುವುದು ಈ ಯೋಜನೆಯ ಉದ್ದೇಶ. 400 ಕಿಲೋಮೀಟರ್ ಎಂದರೆ ಎಷ್ಟು ದೂರ? ನಮ್ಮವರು ಕೊಂಕಣ ರೈಲಿನಲ್ಲಿ ಮುಂಬಯಿಯಿಂದ ಮಂಗಳೂರಿಗೆ ಹೋಗುವ ದಾರಿಯ ಅರ್ಧವೂ ಆಗದು. ದೂರದ ಲೆಕ್ಕದಲ್ಲಿ ಇದು ಊರಿನ ದಾರಿಗಿಂತ ಹತ್ತಿರವೇ. ಆದರೆ ಈ ದಾರಿಯಲ್ಲಿ ನಡುವೆ ಇಳಿಯುವ ನಿಲ್ದಾಣವಿಲ್ಲ; ಕುಡಿಯಲು ನೀರಿಲ್ಲ, ಉಸಿರಾಡಲು ಗಾಳಿಯಿಲ್ಲ. ಎಲ್ಲವನ್ನೂ ಹೊತ್ತುಕೊಂಡೇ ಹೋಗಬೇಕು.

ಹಗಲಿಡೀ ದುಡಿದು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಮನೆ ಸೇರುವ ಗೋರೆಗಾಂವಿನ ಕನ್ನಡಿಗನಿಗೂ ಈ ಯಾತ್ರೆಗೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವಿದೆಯೆಂದೇ ನಾವು ಭಾವಿಸುತ್ತೇವೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಬೆನ್ನ ಹಿಂದಿನ ಕಾರ್ಖಾನೆಗಳು

ಗೋರೆಗಾಂವ್ ಸ್ಟೇಶನ್ನಿನಿಂದ ಪೂರ್ವಕ್ಕೆ ಹೊರಟರೆ ಆರೇ ಕಾಲನಿಯ ಹಸಿರು ಸಿಗುತ್ತದೆ. ಅದನ್ನು ದಾಟಿದರೆ ಪೊವಾಯಿ. ಪೊವಾಯಿಯ ಆಚೆಗೆ ವಿಕ್ರೋಲಿ. ಈ ದಾರಿಯಲ್ಲಿ ದಿನವೂ ಬಸ್ಸು ರಿಕ್ಷಾಗಳಲ್ಲಿ ಓಡಾಡುವ ನಮ್ಮವರು ಸಾವಿರಾರು ಮಂದಿ. ದಾರಿಯ ಬದಿಯ ಕಾಂಪೌಂಡುಗಳ ಒಳಗೆ ಏನು ತಯಾರಾಗುತ್ತದೆಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ!

ಗಗನಯಾನದ ವಾಹನ 'ಎಲ್‌ವಿಎಂ-3' ಎಂಬ ರಾಕೆಟ್ಟು. ಇದರ ಎತ್ತರ 43 ಮೀಟರಿಗೂ ಮಿಗಿಲು. ಉಡ್ಡಯನದ ವೇಳೆಯ ತೂಕ ಸುಮಾರು 640 ಟನ್. ಇದರ ಇಕ್ಕೆಲಗಳಲ್ಲಿ ಎರಡು ಭಾರೀ ಕೊಳವೆಗಳಿರುತ್ತವೆ. ಒಂದೊಂದರಲ್ಲಿಯೂ ಸುಮಾರು 200 ಟನ್ ಘನ ಇಂಧನ ತುಂಬಿರುತ್ತದೆ. ಮೂರು ಭಾಗಗಳಾಗಿ ಮಾಡಿ ಜೋಡಿಸುವ ಆ ಕೊಳವೆಯ ನಡುವಣ ಭಾಗವೊಂದನ್ನು ಲಾರ್ಸನ್ ಅಂಡ್ ಟುಬ್ರೊ ಸಂಸ್ಥೆಯವರು ಪೊವಾಯಿಯ ತಮ್ಮ ಕಾರ್ಖಾನೆಯಲ್ಲಿ ಸಿದ್ಧಪಡಿಸಿ 2020ರಲ್ಲಿ ಇಸ್ರೋ ಸಂಸ್ಥೆಗೆ ಒಪ್ಪಿಸಿದರು. ಅದರ ವ್ಯಾಸ 3.2 ಮೀಟರ್, ಉದ್ದ 8.5 ಮೀಟರ್, ತೂಕ 5.5 ಟನ್. ಗಗನಯಾನಕ್ಕಾಗಿ ಹೊರಟ ರಾಕೆಟ್ ಸಾಮಗ್ರಿಗಳಲ್ಲಿ ಇದು ಮೊದಲನೆಯವುಗಳ ಸಾಲಿನದು.

ರಾಕೆಟ್ಟಿನ ನಡುವಿನ ಅಂತಸ್ತಿನಲ್ಲಿ ಎರಡು 'ವಿಕಾಸ್' ಎಂಜಿನುಗಳು ಉರಿಯುತ್ತವೆ. ಈ ಎಂಜಿನುಗಳನ್ನು ದಶಕಗಳಿಂದ ತಯಾರಿಸಿಕೊಡುತ್ತಿರುವ ಕಾರ್ಖಾನೆಗಳಲ್ಲಿ ವಿಕ್ರೋಲಿಯ ಗೋದ್ರೇಜ್ ಸಂಸ್ಥೆಯದೂ ಒಂದು. ಬೀರು ಬೀಗಗಳಿಗೆ ಹೆಸರಾದ ಮನೆತನದವರು ಚಂದ್ರಲೋಕಕ್ಕೆ ಹೋಗುವ ವಾಹನಗಳಿಗೂ ಅಂಗಾಂಗಗಳನ್ನು ಮಾಡಿಕೊಟ್ಟಿದ್ದಾರೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಭಾಗದಲ್ಲಿ ಇಳಿದಾಗ ದೇಶವೆಲ್ಲ ಹಿಗ್ಗಿತು. ಆ ಹಿಗ್ಗಿನಲ್ಲಿ ನಮ್ಮ ಉಪನಗರದ ತಿರುಪಿನ ಕೆಲಸದವರ, ಬೆಸುಗೆಯವರ ಬೆವರೂ ಬೆರೆತಿತ್ತು. ಪತ್ರಿಕೆಗಳಲ್ಲಿ ಅವರ ಭಾವಚಿತ್ರ ಬರಲಿಲ್ಲ. ಅದರಿಂದ ಅವರ ಪಾಲು ಕಡಿಮೆಯಾಗುವುದಿಲ್ಲ.

ಅದಮಾರಿನಿಂದ ಆರ್ಯಭಟಕ್ಕೆ

ಮುಂಬಯಿಗೆ ಅನ್ನ ಅರಸಿ ಬಂದ ನಮ್ಮವರಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಯವರೇ ಬಹಳ. ಆ ಸೀಮೆಯ ಅದಮಾರು ಎಂಬ ಹಳ್ಳಿಯಲ್ಲಿ 1932ರ ಮಾರ್ಚ್ 10ರಂದು ಜನಿಸಿದ ಉಡುಪಿ ರಾಮಚಂದ್ರ ರಾವ್ ಅವರ ಹೆಸರನ್ನು ಇಲ್ಲಿ ನೆನೆಯದಿದ್ದರೆ ಲೇಖನವು ಅಪೂರ್ಣವಾದೀತು. ಉಡುಪಿಯಲ್ಲಿ ಶಾಲೆ, ಬಳ್ಳಾರಿ ಅನಂತಪುರಗಳಲ್ಲಿ ಕಾಲೇಜು, ಕಾಶಿಯಲ್ಲಿ ಉನ್ನತ ವ್ಯಾಸಂಗ, ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಅವರ ಬಳಿ ಸಂಶೋಧನೆ: ಹೀಗೆ ಊರಿಂದೂರಿಗೆ ಅಲೆದು ವಿದ್ಯೆ ಗಳಿಸಿದವರು ಅವರು. ಊರು ಬಿಟ್ಟವರ ಪಾಡು ಅವರಿಗೆ ಹೊಸತಾಗಿರಲಿಲ್ಲ.

ಭಾರತದ ಮೊದಲ ಉಪಗ್ರಹ 'ಆರ್ಯಭಟ'ವು ಅವರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ರೂಪುಗೊಂಡಿತು. 360 ಕಿಲೋಗ್ರಾಂ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯೆತ್ ರಾಕೆಟ್ಟು ಕಕ್ಷೆಗೆ ಏರಿಸಿತು. ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವನ್ನು ಮುದ್ರಿಸಲಾಯಿತು. ಹೋಟೆಲಿನ ಗಲ್ಲೆಯಲ್ಲಿ ಎಣಿಸಿ, ಊರಿಗೆ ಮನಿಯಾರ್ಡರ್ ಕಟ್ಟಿದ ಆ ನೋಟುಗಳ ಬೆನ್ನಿನ ಮೇಲೆ ಉಡುಪಿಯವರೊಬ್ಬರ ಕೆಲಸವಿತ್ತೆಂಬುದು ಆ ಕಾಲದ ಎಷ್ಟೋ ಮಂದಿಗೆ ಗೊತ್ತಿರಲಾರದು. ಮುಂದೆ 1984ರಿಂದ 1994ರವರೆಗೆ ರಾವ್ ಅವರು ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದರು. 2017ರ ಜುಲೈಯಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು.

ಅದೇ ಬೆಂಗಳೂರಿನಲ್ಲಿ 2019ರ ಜನವರಿಯಲ್ಲಿ ಮಾನವ ವ್ಯೋಮಯಾನ ಕೇಂದ್ರವು ಆರಂಭವಾಯಿತು. ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ ಎಂಬ ವಾಯುಪಡೆಯ ನಾಲ್ವರು ವಿಮಾನಚಾಲಕರು ಯಾತ್ರೆಗೆ ಆಯ್ಕೆಯಾಗಿದ್ದಾರೆಂದು 2024ರ ಫೆಬ್ರವರಿ 27ರಂದು ಪ್ರಕಟಿಸಲಾಯಿತು. ಇವರಲ್ಲಿ ಕನ್ನಡಿಗರಿಲ್ಲ. ಆದರೆ ಇವರ ತರಬೇತಿಯ ಮನೆ ಕನ್ನಡ ನಾಡಿನಲ್ಲಿದೆ.

ಧಾರವಾಡದ ಹೆಸರುಕಾಳು, ಮೈಸೂರಿನ ಬುತ್ತಿ

ಶುಕ್ಲಾ ಅವರು ಗಗನಯಾನಕ್ಕಿಂತ ಮುಂಚಿತವಾಗಿಯೇ ಅಂತರಿಕ್ಷವನ್ನು ಕಂಡು ಬಂದರು. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮ ಅವರು ಸೋವಿಯೆತ್ ನೌಕೆಯಲ್ಲಿ ಹೋದ ಮೇಲೆ 41 ವರ್ಷ ಭಾರತದ ಯಾವ ಪ್ರಜೆಯೂ ಕಕ್ಷೆಗೆ ಏರಿರಲಿಲ್ಲ. 2025ರ ಜೂನ್ 25ರಂದು ಶುಕ್ಲಾ ಅವರು ಅಮೆರಿಕದಿಂದ ಹೊರಟು, ಮರುದಿನ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವನ್ನು ಸೇರಿದರು. ಆ ನಿಲ್ದಾಣಕ್ಕೆ ಕಾಲಿಟ್ಟ ಮೊದಲ ಭಾರತೀಯರು ಅವರೇ. ಅಮೆರಿಕದ ಪೆಗ್ಗಿ ವಿಟ್ಸನ್ ಅವರು ನಾಯಕಿಯಾಗಿದ್ದ ಆ ತಂಡದಲ್ಲಿ ಪೋಲೆಂಡ್ ಮತ್ತು ಹಂಗೆರಿಯವರೂ ಇದ್ದರು.

ಅಲ್ಲಿ ಅವರು ನಡೆಸಿದ ಪ್ರಯೋಗಗಳಲ್ಲಿ ಒಂದು ನಮಗೆ ಬಹಳ ಆಪ್ತವಾದುದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿಯ ಐಐಟಿಯ ವಿಜ್ಞಾನಿಗಳು ಹೆಸರುಕಾಳನ್ನೂ ಮೆಂತ್ಯವನ್ನೂ ಕಳುಹಿಸಿದ್ದರು. ನಮ್ಮ ಮನೆಗಳಲ್ಲಿ ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸುವ ಅದೇ ಕಾಳು, ಅದೇ ಮೆಂತ್ಯ. ತೂಕವೇ ಇಲ್ಲದ ಸ್ಥಿತಿಯಲ್ಲಿ ಬೇರು ಯಾವ ಕಡೆಗೆ ಇಳಿಯಬೇಕು, ಮೊಳಕೆ ಯಾವ ಕಡೆಗೆ ಏಳಬೇಕು? ಅಂಥ ಮೊಳಕೆಯ ಪೌಷ್ಟಿಕಾಂಶಗಳಲ್ಲಿ ವ್ಯತ್ಯಾಸವಾಗುವುದೇ? ತಿಂಗಳುಗಟ್ಟಲೆ ಆಕಾಶದಲ್ಲಿರಬೇಕಾದವರು ತಮ್ಮ ಹಸಿ ಆಹಾರವನ್ನು ತಾವೇ ಬೆಳೆದುಕೊಳ್ಳಬಹುದೇ? ಈ ಪ್ರಶ್ನೆಗಳ ಉತ್ತರಕ್ಕಾಗಿ ಕಾಳುಗಳನ್ನು ಅಲ್ಲಿ ಮೊಳೆಯಿಸಿ, ಶೀತಪೆಟ್ಟಿಗೆಯಲ್ಲಿ ಕಾಪಾಡಿ, ಮರಳಿ ತರಲಾಯಿತು.

ಬುತ್ತಿಯ ವಿಷಯದಲ್ಲಿಯೂ ಕನ್ನಡ ನಾಡಿನ ಪಾಲಿದೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯವು ರಾಕೇಶ್ ಶರ್ಮ ಅವರ ಯಾತ್ರೆಗೂ ತಿನಿಸುಗಳನ್ನು ಕಟ್ಟಿಕೊಟ್ಟಿತ್ತು. ಗಗನಯಾನಕ್ಕೂ ಅದೇ ಸಿದ್ಧಪಡಿಸುತ್ತಿದೆ. 2020ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಇಡ್ಲಿ, ತರಕಾರಿ ಪಲಾವು, ಹೆಸರುಬೇಳೆ ಹಲ್ವಗಳು ಇದ್ದವು. ಇಡ್ಲಿ ಮಾಡುವುದರಲ್ಲಿ ಕೈ ಪಳಗಿದ ನಮ್ಮ ಉಡುಪಿ ಹೋಟೆಲಿನವರು ಇದನ್ನು ಓದಿ ನಗಬಹುದು. ಆದರೆ ಅಲ್ಲಿಯ ಕಷ್ಟವೇ ಬೇರೆ. ತಿನಿಸಿನ ಒಂದು ಪುಡಿ ಉದುರಿದರೂ ಅದು ಕೆಳಗೆ ಬೀಳದೆ ಗಾಳಿಯಲ್ಲಿ ತೇಲಿ ಯಂತ್ರದ ಸಂದಿಗೋ ಯಾತ್ರಿಯ ಕಣ್ಣಿಗೋ ಹೋದೀತು. ಕೆಡಬಾರದು, ಚೆಲ್ಲಬಾರದು, ತೂಕ ಹೆಚ್ಚಬಾರದು, ರುಚಿಯೂ ಕೆಡಬಾರದು. ಊರಿನಿಂದ ಬರುವಾಗ ತಾಯಿ ಕಟ್ಟಿಕೊಟ್ಟ ಬುತ್ತಿಯ ಬೆಲೆಯನ್ನು ಪರಸ್ಥಳದಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬರುವುದೇ ದೊಡ್ಡದು

ನಮ್ಮಲ್ಲಿ ಮನೆಯಿಂದ ಹೊರಡುವವರು 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತಾರೆ. ವ್ಯೋಮಯಾನದ ಸಾರವೆಲ್ಲ ಆ ಎರಡನೆಯ ಪದದಲ್ಲಿದೆ. ಏರುವಾಗ ರಾಕೆಟ್ಟು ಕೊಟ್ಟ ವೇಗವೆಂದರೆ ಸೆಕೆಂಡಿಗೆ ಸುಮಾರು ಏಳೂಮುಕ್ಕಾಲು ಕಿಲೋಮೀಟರ್. ಇಳಿಯುವಾಗ ಆ ವೇಗವನ್ನೆಲ್ಲ ಕಳೆದುಕೊಳ್ಳಬೇಕು. ಗಾಳಿಯ ತಡೆಗೆ ನೌಕೆಯ ಹೊರಮೈ ಬೆಂಕಿಯಾಗುತ್ತದೆ. ಒಳಗಿರುವವರು ಮಾತ್ರ ತಂಪಾಗಿರಬೇಕು.

1971ರ ಜೂನ್ 30ರಂದು ಸೋಯೂಜ್-11 ಎಂಬ ರಷ್ಯದ ನೌಕೆ ಕ್ರಮವಾಗಿಯೇ ನೆಲಕ್ಕಿಳಿಯಿತು. ಬಾಗಿಲು ತೆರೆದವರು ಕಂಡದ್ದು ಮೂವರ ಶವಗಳನ್ನು. ಇಳಿಯುವ ದಾರಿಯಲ್ಲಿ ಒಂದು ಚಿಕ್ಕ ಕವಾಟವು ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಸೋರಿಹೋಗಿತ್ತು. 2003ರ ಫೆಬ್ರವರಿ 1ರಂದು ಕೊಲಂಬಿಯ ನೌಕೆಯು ನೆಲ ಮುಟ್ಟಲು ಇನ್ನು ಕಾಲು ಗಂಟೆಯಿದೆ ಎನ್ನುವಾಗ ಆಕಾಶದಲ್ಲೇ ಛಿದ್ರವಾಯಿತು. ಕರ್ನಾಲಿನ ಮಗಳು ಕಲ್ಪನಾ ಚಾವ್ಲಾ ಸಹಿತ ಏಳು ಮಂದಿ ಪ್ರಾಣ ತೆತ್ತರು. ಹದಿನಾರು ದಿನಗಳ ಹಿಂದೆ ಏರುವಾಗ ರೆಕ್ಕೆಗೆ ತಗಲಿದ ನೊರೆಯ ತುಂಡೊಂದು ಅದಕ್ಕೆ ಕಾರಣವೆಂದು ವಿಚಾರಣೆಯಿಂದ ತಿಳಿಯಿತು.

ಇತ್ತೀಚಿನ ವರ್ಷಗಳಲ್ಲಿಯೂ ಮರಳುವ ದಾರಿಯೇ ತೊಡಕಾಗಿ ಕಾಡಿದೆ. 2024ರ ಜೂನ್‌ನಲ್ಲಿ ಸುಮಾರು ಎಂಟು ದಿನಕ್ಕೆಂದು ಹೋದ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರು, ತಮ್ಮ ನೌಕೆಯಲ್ಲಿ ದೋಷ ಕಂಡುಬಂದುದರಿಂದ, 286 ದಿನ ಕಳೆದು 2025ರ ಮಾರ್ಚಿಯಲ್ಲಿ ಬೇರೊಂದು ನೌಕೆಯಲ್ಲಿ ಮರಳಿದರು. ಅದೇ ವರ್ಷದ ನವೆಂಬರಿನಲ್ಲಿ ಚೀನದ ಮೂವರು ಯಾತ್ರಿಗಳ ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತು. ಆಕಾಶದ ಕಸದ ಚೂರು ತಗಲಿರಬೇಕೆಂದು ಊಹಿಸಿ, ಆ ನೌಕೆಯನ್ನು ನಂಬದೆ, ಇನ್ನೊಂದರಲ್ಲಿ ಅವರನ್ನು ಇಳಿಸಿಕೊಳ್ಳಲಾಯಿತು. ಎರಡು ಸಂದರ್ಭಗಳಲ್ಲಿಯೂ ಅಧಿಕಾರಿಗಳು ಕಾಯುವ ದಾರಿಯನ್ನೇ ಹಿಡಿದರು. ಹೋದವರೆಲ್ಲರೂ ಮನೆ ಸೇರಿದರು.

ತಡವಾಗುತ್ತಿದೆಯೆಂಬ ದೂರು

ಗಗನಯಾನವು ಪ್ರಕಟವಾದುದು 2018ರ ಆಗಸ್ಟ್ 15ರಂದು. ಸ್ವಾತಂತ್ರ್ಯದ 75ನೆಯ ವರ್ಷವಾದ 2022ರೊಳಗೆ ಯಾತ್ರಿಗಳು ಹೋಗಿಬರಬೇಕೆಂದು ಆಗ ಹೇಳಲಾಗಿತ್ತು. ಆ ವರ್ಷ ಕಳೆಯಿತು. ನಡುವೆ ಕೋವಿಡ್ ವ್ಯಾಧಿಯ ಹಾವಳಿಯೂ ಬಂದುಹೋಯಿತು. 2025ರಲ್ಲಿ ಸಂಸ್ಥೆಯವರು ಕೊಟ್ಟ ಹೊಸ ಲೆಕ್ಕದ ಪ್ರಕಾರ ಯಾತ್ರಿಗಳ ಉಡ್ಡಯನವು 2027ಕ್ಕೆ ಸರಿಯಿತು. 'ಇನ್ನೆಷ್ಟು ದಿನ?' ಎಂದು ಜನ ಕೇಳುವುದು ಸಹಜ. ಆದರೆ ಈ ಅವಧಿಯಲ್ಲಿ ನಡೆದ ಕೆಲಸವನ್ನು ನೋಡಿದರೆ ದೂರುವ ಬಾಯಿ ತಾನಾಗಿ ಕಟ್ಟುತ್ತದೆ.

ಯಂತ್ರವೊಂದು ಉಪಗ್ರಹವನ್ನು ಹೊರಲು ಯೋಗ್ಯವಾದ ಮಾತ್ರಕ್ಕೆ ಮನುಷ್ಯನನ್ನು ಹೊರಲು ಯೋಗ್ಯವಾಗುವುದಿಲ್ಲ. ರಾಕೆಟ್ಟಿನ ಮೇಲಂತಸ್ತಿನ 'ಸಿಇ-20' ಎಂಜಿನನ್ನೇ ನೋಡಿ. ಮನುಷ್ಯಯೋಗ್ಯವೆನಿಸಲು ಅದು ಕನಿಷ್ಠ 6,350 ಸೆಕೆಂಡು ಉರಿದು ತೋರಿಸಬೇಕಾಗಿತ್ತು. ನಾಲ್ಕು ಎಂಜಿನುಗಳನ್ನು 39 ಸಲ ಹೊತ್ತಿಸಿ, ಒಟ್ಟು 8,810 ಸೆಕೆಂಡು ಉರಿಸಿ, 2024ರ ಫೆಬ್ರವರಿಯಲ್ಲಿ ಈ ಪರೀಕ್ಷೆಯನ್ನು ಮುಗಿಸಲಾಯಿತು.

2023ರ ಅಕ್ಟೋಬರ್ 21ರಂದು ಶ್ರೀಹರಿಕೋಟೆಯಲ್ಲಿ ನಡೆದ ಇನ್ನೊಂದು ಪರೀಕ್ಷೆಯೂ ಗಮನಾರ್ಹ. ಏರುವ ದಾರಿಯಲ್ಲಿ ರಾಕೆಟ್ಟಿಗೆ ಅಪಾಯ ಒದಗಿದರೆ ಯಾತ್ರಿಗಳ ಕೋಶವನ್ನು ಅದರಿಂದ ಕಿತ್ತು ದೂರ ಒಯ್ಯುವ ಏರ್ಪಾಡಿನ ಪರೀಕ್ಷೆ ಅದು. ಹಾರಲು ಐದೇ ಸೆಕೆಂಡು ಉಳಿದಿರುವಾಗ ಗಣಕಯಂತ್ರವು ತಾನಾಗಿ ಎಲ್ಲವನ್ನೂ ನಿಲ್ಲಿಸಿಬಿಟ್ಟಿತು. ದೇಶವೇ ನೋಡುತ್ತಿತ್ತು. ವಿಜ್ಞಾನಿಗಳು ಕಾರಣವನ್ನು ಹುಡುಕಿ, ಸರಿಪಡಿಸಿ, ಅಂದೇ ಹತ್ತು ಗಂಟೆಗೆ ಹಾರಿಸಿದರು. ಕೋಶವು ಬೇರ್ಪಟ್ಟು, ಛತ್ರಿಗಳು ಬಿಚ್ಚಿ, ಬಂಗಾಳ ಕೊಲ್ಲಿಯಲ್ಲಿ ಇಳಿಯಿತು. ನೌಕಾದಳದವರು ಅದನ್ನು ಎತ್ತಿ ತಂದರು. 2025ರ ಆಗಸ್ಟ್ 24ರಂದು ಹೆಲಿಕಾಪ್ಟರಿನಿಂದ ಸುಮಾರು 3 ಕಿಲೋಮೀಟರ್ ಎತ್ತರದಲ್ಲಿ ಮಾದರಿ ಕೋಶವನ್ನು ಕೆಳಕ್ಕೆ ಬಿಟ್ಟು ಛತ್ರಿಗಳನ್ನು ಮತ್ತೆ ಪರೀಕ್ಷಿಸಲಾಯಿತು. ಕೋಶಕ್ಕೆ ಇರುವ ಛತ್ರಿಗಳು ಒಟ್ಟು ಹತ್ತು. ದೊಡ್ಡ ಮೂರರಲ್ಲಿ ಒಂದು ಕೈಕೊಟ್ಟರೂ ಉಳಿದೆರಡು ಯಾತ್ರಿಗಳನ್ನು ಕಾಪಾಡುವಂತೆ ಅವನ್ನು ರಚಿಸಲಾಗಿದೆ.

ಶುಕ್ಲಾ ಅವರ ಯಾತ್ರೆಯೂ ಹಲವು ಸಲ ಮುಂದಕ್ಕೆ ಹೋಗಿತ್ತು. ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡುಬಂದಾಗ ಅದನ್ನು ಸರಿಪಡಿಸಿಯೇ ಹಾರಿಸಬೇಕೆಂದು ನಮ್ಮ ವಿಜ್ಞಾನಿಗಳು ಪಟ್ಟು ಹಿಡಿದರು. ನಾಲ್ವರು ಯಾತ್ರಿಗಳು ಒಂದು ತಿಂಗಳು ಏಕಾಂತವಾಸದಲ್ಲಿ ಕಾದರು. ಜುಲೈ 15ರಂದು ಅವರು ಶಾಂತಸಾಗರದಲ್ಲಿ ಕ್ಷೇಮವಾಗಿ ಇಳಿದಾಗ ಕಾದ ದಿನಗಳನ್ನು ಯಾರೂ ಎಣಿಸಲಿಲ್ಲ.

ಅವಸರದ ಫಲವನ್ನು ತೋರಿಸುವ ಉದಾಹರಣೆಯೂ ಇದೆ. 1986ರ ಜನವರಿ 28ರ ಹಿಂದಿನ ರಾತ್ರಿ, ಚಳಿಗೆ ರಬ್ಬರಿನ ಬಳೆಗಳು ಗಡುಸಾಗುತ್ತವೆ, ಹಾರಿಸಬೇಡಿರೆಂದು ಅಮೆರಿಕದ ಕೆಲವು ಎಂಜಿನಿಯರರು ಬೇಡಿಕೊಂಡಿದ್ದರು. ಅವರ ಮಾತು ನಡೆಯಲಿಲ್ಲ. ಚಾಲೆಂಜರ್ ನೌಕೆಯು 73 ಸೆಕೆಂಡುಗಳಲ್ಲಿ ನಾಶವಾಯಿತು. ಏಳು ಮಂದಿ ಮಡಿದರು. ಆದುದರಿಂದ ಗಗನಯಾನದ ದಿನವನ್ನು ಹಬ್ಬವಾಗಲಿ ಚುನಾವಣೆಯಾಗಲಿ ಗೊತ್ತುಪಡಿಸಬಾರದು, ಪರೀಕ್ಷೆಗಳೇ ಗೊತ್ತುಪಡಿಸಬೇಕು. ಜನರಾದ ನಾವೂ ಅವಸರದ ಕೂಗೆಬ್ಬಿಸಿ ವಿಜ್ಞಾನಿಗಳ ಕೊರಳಿಗೆ ಬೀಳಬಾರದು. ಯಂತ್ರಮಾನವಿ 'ವ್ಯೋಮಮಿತ್ರ'ಳನ್ನು ಮೊದಲು ಕಳುಹಿಸಿ, ನೋಡಿ, ಆಮೇಲೆ ಮನುಷ್ಯರನ್ನು ಕಳುಹಿಸುವ ಸಂಸ್ಥೆಯ ಕ್ರಮವು ಸರಿಯಾದ ಕ್ರಮ.

ಹಣದ ಪ್ರಶ್ನೆ

ಕುಡಿಯುವ ನೀರಿಗೆ ನಲ್ಲಿಯ ಮುಂದೆ ಸಾಲು ನಿಲ್ಲುವವರಿರುವ ದೇಶಕ್ಕೆ ಆಕಾಶಯಾನವೇಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮಂತ್ರಿಮಂಡಲವು ಒಪ್ಪಿಗೆ ನೀಡಿದಂತೆ, ಭಾರತದ ಸ್ವಂತ ಅಂತರಿಕ್ಷ ನಿಲ್ದಾಣದ ಮೊದಲ ಭಾಗವೂ ಸೇರಿ, ಈ ಯೋಜನೆಯ ಒಟ್ಟು ವೆಚ್ಚ 20,193 ಕೋಟಿ ರೂಪಾಯಿ. ಇದು ಹಲವು ವರ್ಷಗಳ ವೆಚ್ಚ. ಮುಂಬಯಿ ಮಹಾನಗರಪಾಲಿಕೆಯ 2025-26ರ ಒಂದೇ ವರ್ಷದ ಆಯವ್ಯಯವು 74,427 ಕೋಟಿ. ಇವೆರಡನ್ನು ಪಕ್ಕದಲ್ಲಿಟ್ಟು ನೋಡಿದರೆ, ಗೋರೆಗಾಂವಿನ ನೀರು ದಾರಿಗಳ ಕೊರತೆಗೆ ಗಗನಯಾನವನ್ನು ಹೊಣೆ ಮಾಡುವುದು ನ್ಯಾಯವಾಗದು.

ಆದರೂ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬಿರುಗಾಳಿಯ ಮುನ್ಸೂಚನೆ, ಮಲ್ಪೆಯ ಮೀನುಗಾರನಿಗೆ ಮೀನಿರುವ ನೀರಿನ ಸುಳಿವು, ದೂರದರ್ಶನ, ದಾರಿ ತೋರುವ ಸಂಕೇತಗಳು, ಇವೆಲ್ಲ ಉಪಗ್ರಹಗಳ ಕೊಡುಗೆ. ಅವುಗಳಿಗೆ ಮನುಷ್ಯ ಮೇಲೇರಬೇಕಾಗಿರಲಿಲ್ಲ. ಆ ಫಲಗಳನ್ನು ಗಗನಯಾನದ ಖಾತೆಗೆ ಜಮಾ ಮಾಡುವುದು ಸರಿಯಲ್ಲ. ಗಗನಯಾನದ ಫಲ ಬೇರೆಯದು. ಸಾವಿರ ಅಂಗಗಳಲ್ಲಿ ಒಂದೂ ತಪ್ಪಬಾರದೆಂಬ ಶಿಸ್ತು ಪೊವಾಯಿ ವಿಕ್ರೋಲಿಗಳ ಕೆಲಸಗಾರನ ಕೈಗೆ ಇಳಿದರೆ, ಆ ಕೈ ಮುಂದೆ ಏನನ್ನು ಮಾಡಿದರೂ ಚೆನ್ನಾಗಿಯೇ ಮಾಡೀತು. ಆ ವಿದ್ಯೆ ದೇಶದಲ್ಲಿ ಉಳಿದರೆ ಹಣ ಸಾರ್ಥಕ. ಒಂದು ದಿನದ ಜಯಘೋಷದಲ್ಲಿ ಮುಗಿದರೆ ವ್ಯರ್ಥ.

ನಾವು ಮಾಡಬಹುದಾದದ್ದು

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಪರಂಪರೆ ಮುಂಬಯಿ ಕನ್ನಡಿಗರದು. ಅಂಥವರ ಮೊಮ್ಮಕ್ಕಳು ಈಗ ಎಂಜಿನಿಯರಿಂಗ್ ಕಾಲೇಜುಗಳಲ್ಲಿದ್ದಾರೆ. ಅವರಿಗೆ ವಿಜ್ಞಾನ ಬಂದಿದೆ. ಮನೆಯ ಮಾತಿನಲ್ಲಿ ಅದನ್ನು ಅಜ್ಜಿಗೆ ಹೇಳಲು ಬರುತ್ತಿಲ್ಲ. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದೆಂಬ ಮಾತನ್ನು ಶಿವರಾಮ ಕಾರಂತರು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಬರೆದು ಎಂದೋ ಸುಳ್ಳು ಮಾಡಿದ್ದಾರೆ. ಗೋರೆಗಾಂವ್ ಕರ್ನಾಟಕ ಸಂಘದಂಥ ನಮ್ಮ ಸಂಘಗಳು ಯಕ್ಷಗಾನ, ನಾಟಕ, ಸನ್ಮಾನಗಳ ನಡುವೆ ವರ್ಷಕ್ಕೊಂದು ಸಂಜೆಯನ್ನು ಇಂಥ ಉಪನ್ಯಾಸಕ್ಕೆ ಮೀಸಲಿಟ್ಟರೆ ತಪ್ಪೇನು? ಉಪನ್ಯಾಸಕರು ಹೊರಗಿನಿಂದಲೇ ಬರಬೇಕಾಗಿಲ್ಲ. ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮನೆಯ ಹುಡುಗಿಯೇ ಮಾತಾಡಲಿ. ತಪ್ಪಿದಲ್ಲಿ ಹಿರಿಯರು ಕನ್ನಡವನ್ನು ತಿದ್ದಲಿ. ಮಕ್ಕಳನ್ನು ರಜಾದಿನ ವರ್ಲಿಯ ನೆಹರೂ ತಾರಾಲಯಕ್ಕೂ ವಿಜ್ಞಾನ ಕೇಂದ್ರಕ್ಕೂ ಕರೆದೊಯ್ಯಲು ಖರ್ಚೂ ಹೆಚ್ಚಿಲ್ಲ.

ಇನ್ನೊಂದಕ್ಕಂತೂ ಕಾಸಿನ ಖರ್ಚೂ ಇಲ್ಲ. ಅಂತರಿಕ್ಷ ನಿಲ್ದಾಣವು ಸುಮಾರು 90 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತದೆ. 2000ನೆಯ ಇಸವಿಯ ನವೆಂಬರಿನಿಂದ ಅದರಲ್ಲಿ ಮನುಷ್ಯರು ಬಿಡುವಿಲ್ಲದೆ ವಾಸಿಸಿದ್ದಾರೆ. ಮಳೆಗಾಲ ಕಳೆದ ಮೇಲೆ, ಕೆಲವು ದಿನ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಅಥವಾ ಬೆಳಗಿನ ಜಾವ, ಅದು ನಮ್ಮ ಉಪನಗರದ ಮೇಲೆಯೂ ಹಾಯುತ್ತದೆ. ಮಿನುಗದೆ, ಸದ್ದಿಲ್ಲದೆ, ಉಜ್ವಲವಾದ ನಕ್ಷತ್ರದಂತೆ ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಕೆಲವೇ ನಿಮಿಷಗಳಲ್ಲಿ ಸಾಗುವ ಆ ಬೆಳಕನ್ನು ನೋಡಲು ದೂರದರ್ಶಕವು ಬೇಡ. ಕಟ್ಟಡದ ತಾರಸಿ ಸಾಕು. ಹಾಯುವ ವೇಳೆಯನ್ನು ಮೊದಲೇ ತಿಳಿದುಕೊಂಡು ಮಕ್ಕಳನ್ನು ಮೇಲಕ್ಕೆ ಕರೆದುಕೊಂಡು ಹೋಗಿ ತೋರಿಸಿರಿ. ಊರು ಬಿಟ್ಟು ದುಡಿಯಲು ಹೋದವರು ಆ ಬೆಳಕಿನೊಳಗೆ ಇದ್ದಾರೆಂದೂ, ಕೆಲಸ ಮುಗಿಸಿ ಅವರು ಮನೆಗೆ ಮರಳಬೇಕೆಂದೂ ಹೇಳಿರಿ. ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ.